ಒಂದು ಗುರುತಿನ ಚೀಟಿಯ ಹಿಂದೆ ನೂರು ವರ್ಷದ ನಡಿಗೆ



ಕಳೆದ ತಿಂಗಳು ಭಾನುವಾರದ ಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಅಕ್ಕ ಒಬ್ಬರು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ನಮ್ಮ ಬಳಿ ಬಂದರು. ಚೀಲದ ತುಂಬ ಕಾಗದಗಳು: ಆಸ್ಪತ್ರೆಯ ಚೀಟಿ, ರೇಷನ್ ಕಾರ್ಡಿನ ಜೆರಾಕ್ಸ್, ಹಳೆಯ ಫೋಟೋ. "ತಮ್ಮಾ, ಮಗನಿಗೆ ಬರೋ ವರ್ಷ ಹದಿನೆಂಟು ತುಂಬುತ್ತೆ. ಆಮೇಲೆ ಅವನ ಪರವಾಗಿ ನಾನು ಸಹಿ ಹಾಕೋ ಹಾಗಿಲ್ಲ ಅಂತಾರೆ. ಇದರಲ್ಲಿ ಯಾವ ಕಾಗದ ಯಾವುದಕ್ಕೆ ಅಂತಲೇ ನನಗೆ ತಿಳೀತಿಲ್ಲ" ಎಂದರು.

ಅವರು ಇನ್ನೊಂದು ಸಂಗತಿಯನ್ನೂ ಹೇಳಿದರು. ಮಗನಿಗೆ ಆರು ವರ್ಷವಿದ್ದಾಗ ಒಂದು ಕಡೆ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದರಂತೆ. ಬೆಳಿಗ್ಗೆ ಏನು ಕುಡಿಯುತ್ತೀಯ ಎಂದು ತಮಿಳಿನಲ್ಲಿ ಕೇಳಿದರು. ಹುಡುಗ "ಹಾಲು" ಎಂದ. ಕೇಳಿದವರಿಗೆ ಬೇಕಿದ್ದದ್ದು "ಪಾಲ್". ಮಾತು ಸ್ಪಷ್ಟವಿಲ್ಲ ಎಂದು ಬರೆದುಕೊಂಡರು. ಅದು ನಮ್ಮ ಮನೆಮಾತು ಎಂದು ಹೇಳಲು ಅಕ್ಕನಿಗೆ ಸಂಕೋಚವಾಯಿತು; ಸುಮ್ಮನಿದ್ದುಬಿಟ್ಟರು. ಆ ಒಂದು ಉತ್ತರ ಸರಿಯಾಗಿ ದಾಖಲಾಗಿದ್ದರೆ ಹುಡುಗನ ತೊಂದರೆ ಇಲ್ಲವಾಗುತ್ತಿರಲಿಲ್ಲ, ನಿಜ. ಆದರೆ ಅವನಿಗೆ ಗೊತ್ತಿದ್ದದ್ದು ಗೊತ್ತಿಲ್ಲವೆಂದು ಕಾಗದಕ್ಕೆ ಹೋಯಿತು.

ನಮ್ಮಲ್ಲಿ ಡಿಗ್ರಿ ಓದಿದವರಿದ್ದೇವೆ, ಆದರೂ ಅಕ್ಕನ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಹುಡುಕುತ್ತಾ ಹೋದಾಗ ಆ ಚೀಲದ ಒಂದೊಂದು ಕಾಗದದ ಹಿಂದೆಯೂ ಒಂದೊಂದು ಕಥೆಯಿದೆ ಎಂದು ತಿಳಿಯಿತು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಪರೀಕ್ಷೆ ಹುಟ್ಟಿದ್ದು ಏಕೆ?

1905ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ ಬುದ್ಧಿಶಕ್ತಿಯನ್ನು ಅಳೆಯುವ ಮೊದಲ ಪರೀಕ್ಷೆಯನ್ನು ಸಿದ್ಧಪಡಿಸಿದರು. ಶಾಲೆಯಲ್ಲಿ ಹಿಂದುಳಿಯುವ ಮಕ್ಕಳಲ್ಲಿ ಯಾರಿಗೆ ಹೆಚ್ಚಿನ ನೆರವು ಬೇಕು ಎಂದು ಗುರುತಿಸುವುದು ಅದರ ಉದ್ದೇಶವಾಗಿತ್ತು. ಮುಂದೆ ಲೋಕದ ಹಲವೆಡೆ ಅದೇ ಪರೀಕ್ಷೆಯನ್ನು ಮಕ್ಕಳನ್ನು ಹೊರಗಿಡಲು ಬಳಸಿದರು; ಅದು ಬೇರೆ ದುಃಖದ ಕಥೆ.

ಆ ಪರೀಕ್ಷೆ ಭಾರತಕ್ಕೆ ಬಂದ ಬಗೆ ನಮ್ಮನ್ನು ಬೆರಗುಗೊಳಿಸಿತು. ವಿ. ವಿ. ಕಾಮತ್ ಎಂಬವರು ಧಾರವಾಡ ಭಾಗದಲ್ಲಿ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಅದನ್ನು ತಿದ್ದಿ ಹೊಂದಿಸಿ, 1934ರಲ್ಲಿ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇಂದಿಗೂ ದೇಶದಲ್ಲಿ ಬಳಕೆಯಲ್ಲಿದೆ. ಮಗುವಿನ ಬುದ್ಧಿಯನ್ನು ಅದರ ಮನೆಮಾತಿನಲ್ಲೇ ನೋಡಬೇಕು ಎಂಬುದನ್ನು ಕನ್ನಡದ ಮಕ್ಕಳ ನಡುವೆಯೇ ಒಬ್ಬರು ತೊಂಬತ್ತು ವರ್ಷಗಳ ಹಿಂದೆ ಮಾಡಿ ತೋರಿಸಿದ್ದರು. ತೇವಾರದ ನಮ್ಮ ಹುಡುಗನ "ಹಾಲು" ಮಾತ್ರ ಲೆಕ್ಕಕ್ಕೆ ಬರಲಿಲ್ಲ.

ಹೆಸರುಗಳ ಕಥೆ

ಕಾನೂನು ಇಂಥ ಮಕ್ಕಳನ್ನು ಮೊದಲು ಕರೆದ ಹೆಸರು ಕೇಳಿದರೆ ಸಂಕಟವಾಗುತ್ತದೆ. ಬ್ರಿಟಿಷರ 1912ರ ಲೂನಸಿ ಕಾಯ್ದೆ ಹುಟ್ಟಿನಿಂದ ಬುದ್ಧಿ ಬೆಳೆಯದವರನ್ನೂ ಮನೋರೋಗಿಗಳನ್ನೂ 'ಹುಚ್ಚರು' ಎಂಬ ಒಂದೇ ಸಾಲಿಗೆ ಸೇರಿಸಿತು. ಅದು ತೋರಿಸಿದ ದಾರಿ ಹುಚ್ಚಾಸ್ಪತ್ರೆಯದು. ಶಾಲೆ, ತರಬೇತಿ, ಮನೆಯವರಿಗೆ ನೆರವು ಯಾವುದೂ ಅದರಲ್ಲಿರಲಿಲ್ಲ.

ಬಾಗಿಲು ತೆರೆದವರು ತಂದೆತಾಯಿಯರು. ಮುಂಬೈಯಲ್ಲಿ ಜೈ ವಕೀಲ್ ಎಂಬ ತಾಯಿ ಡೌನ್ ಸಿಂಡ್ರೋಮ್ ಇದ್ದ ತಮ್ಮ ಮಗಳಿಗೆ ಶಾಲೆ ಸಿಗದೆ 1944ರಲ್ಲಿ ತಾವೇ ಶಾಲೆ ಆರಂಭಿಸಿದರು. 1972ರಲ್ಲಿ ಅದೇ ನಗರದಲ್ಲಿ ಮಿಥು ಅಲೂರ್, ಸೆರೆಬ್ರಲ್ ಪಾಲ್ಸಿ ಇದ್ದ ಮಗಳು ಮಾಲಿನಿಯ ಸಲುವಾಗಿ ಸ್ಪಾಸ್ಟಿಕ್ಸ್ ಸೊಸೈಟಿ ಕಟ್ಟಿದರು.

ಧರ್ಮಸಭೆಯವರ ಪಾಲೂ ಇದೆ. ಮಂಗಳೂರಿನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು 1970ರಲ್ಲಿ ಸೇಂಟ್ ಆಗ್ನೆಸ್ ವಿಶೇಷ ಶಾಲೆಯನ್ನು ತೆರೆದರು. ಅದೇ ವರ್ಷ ಬೆಂಗಳೂರಿನಲ್ಲಿ 'ಆಶಾ ನಿಕೇತನ' ಆರಂಭವಾಯಿತು. ಬುದ್ಧಿಯ ಬೆಳವಣಿಗೆ ಕುಂಠಿತವಾದವರೂ ಸಹಾಯಕರೂ ಒಂದೇ ಮನೆಯವರಾಗಿ ಬಾಳುವ ಲಾರ್ಶ್ ಸಮುದಾಯಗಳಲ್ಲಿ ಅದು ಭಾರತದ ಮೊದಲನೆಯದು. ಇಲ್ಲಿ ಒಂದು ಕಹಿ ಸತ್ಯವನ್ನೂ ಮುಚ್ಚಿಡಬಾರದು. ಲಾರ್ಶ್ ಸ್ಥಾಪಕ ಜಾನ್ ವಾನಿಯೆ ಹಲವು ಮಹಿಳೆಯರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದರೆಂದು ಆ ಸಂಸ್ಥೆಯೇ ಮಾಡಿಸಿದ ತನಿಖೆಯ ವರದಿ 2020ರಲ್ಲಿ ಹೇಳಿತು. ಆ ಮನೆಗಳಲ್ಲಿ ಎಷ್ಟೋ ಜನ ಪ್ರೀತಿಯಿಂದ ದುಡಿದದ್ದು ಇದರಿಂದ ಸುಳ್ಳಾಗುವುದಿಲ್ಲ. ಆದರೆ ಒಬ್ಬ 'ಮಹಾತ್ಮ'ನ ಒಳ್ಳೆಯತನವನ್ನು ನಂಬಿಕೊಂಡು ಬಲಹೀನರ ಬದುಕನ್ನು ಬಿಡಬಾರದು. ಕರುಣೆಯ ಪಕ್ಕದಲ್ಲಿ ಕಾನೂನೂ ಕಾವಲಿರಬೇಕು.

ಆ ಕಾನೂನು ಬಂದದ್ದು ತೀರಾ ತಡವಾಗಿ. 1987ರ ಮಾನಸಿಕ ಆರೋಗ್ಯ ಕಾಯ್ದೆ ಬುದ್ಧಿಮಾಂದ್ಯತೆಯನ್ನು ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿತು. ಅದು ರೋಗವಲ್ಲವಾದ್ದರಿಂದ ಹೊರಗಿಟ್ಟದ್ದು ಸರಿಯೇ. ಆದರೆ ಆಗ ಇವರಿಗೆಂದು ಬೇರೆ ಕಾಯ್ದೆ ಇರಲಿಲ್ಲ. 1995ರ ಅಂಗವಿಕಲರ ಕಾಯ್ದೆ ಏಳು ವಿಧದ ವೈಕಲ್ಯಗಳಲ್ಲಿ ಬುದ್ಧಿಮಾಂದ್ಯತೆಯನ್ನೂ ಸೇರಿಸಿತು. ಆಟಿಸಂ ಅದರಲ್ಲಿ ಇರಲಿಲ್ಲ.

"ನಾವು ಸತ್ತ ಮೇಲೆ ಇವನನ್ನು ಯಾರು ನೋಡಿಕೊಳ್ಳುತ್ತಾರೆ?" ದೇಶದ ಎಲ್ಲ ಕಡೆಯ ತಂದೆತಾಯಿಯರೂ ಕೇಳುತ್ತಿದ್ದ ಪ್ರಶ್ನೆ ಇದು. ಇದಕ್ಕೆ ಸಿಕ್ಕ ಮೊದಲ ಉತ್ತರ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವೈಕಲ್ಯ ಇರುವವರಿಗೆ ಅದು ಅನ್ವಯಿಸುತ್ತದೆ. ಇದರಡಿ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕು. ಅದರಲ್ಲಿ ಕಲೆಕ್ಟರ್ ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಮತ್ತು ಅಂಗವೈಕಲ್ಯವಿರುವ ಒಬ್ಬರು ಕೂರುತ್ತಾರೆ. ಹದಿನೆಂಟು ದಾಟಿದವರಿಗೆ ಪೋಷಕರನ್ನು ನೇಮಿಸುವುದು ಈ ಸಮಿತಿಯೇ. ನಮ್ಮ ಅಕ್ಕ ಕೇಳಿದ ಪ್ರಶ್ನೆಗೆ ಉತ್ತರ ಇದರಲ್ಲಿತ್ತು. ಇದೇ ಟ್ರಸ್ಟಿನ 'ನಿರಾಮಯ' ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಒದಗುತ್ತದೆ. ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ.

2007ರಲ್ಲಿ ಭಾರತ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿತು. ಅದರಂತೆ ಬಂದ 2016ರ ಕಾಯ್ದೆ ಏಳು ವಿಧಗಳನ್ನು ಇಪ್ಪತ್ತೊಂದಕ್ಕೆ ಹೆಚ್ಚಿಸಿತು. ಆಟಿಸಂ ಮತ್ತು ಕಲಿಕಾ ನ್ಯೂನತೆ ಆಗ ಒಳಗೆ ಬಂದವು. 40 ಶೇಕಡಾ ಅಥವಾ ಹೆಚ್ಚು ವೈಕಲ್ಯವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕಾಯಿತು. ಇಂದು ಎಲ್ಲ ಕಡೆ ಕೇಳುವ ಯುಡಿಐಡಿ ಗುರುತಿನ ಚೀಟಿ ಈ ಸಾಲಿನ ಕೊನೆಯ ಕಾಗದ.

ನಮ್ಮ ಕಣಿವೆಗೆ ತಲುಪಿದ್ದು

1996ರವರೆಗೆ ತೇನಿ ಎಂಬ ಜಿಲ್ಲೆಯೇ ಇರಲಿಲ್ಲ. ಜಿಲ್ಲಾ ಕಚೇರಿಯ ಕೆಲಸವೆಂದರೆ ತೇವಾರದವರು ಮದುರೈಗೆ ಹೋಗಬೇಕಿತ್ತು. ಈಗ ಮಾಟ್ರುತ್ತಿರನಾಳಿಗಳ್ ಕಚೇರಿ ತೇನಿಯಲ್ಲೇ ಇದೆ. ಬುದ್ಧಿಯ ಬೆಳವಣಿಗೆ ಕುಂಠಿತವಾದವರಿಗೆ ತಮಿಳುನಾಡು ಸರ್ಕಾರ ಕೊಡುವ ತಿಂಗಳ ಪಾಲನಾ ಭತ್ಯೆ 2023ರಿಂದ 2000 ರೂಪಾಯಿ ಆಗಿದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಸರ್ಕಾರಿ ಶಾಲೆಗಳಿಗೇ ತಂಡ ಬಂದು ಮಕ್ಕಳ ಬೆಳವಣಿಗೆಯನ್ನು ನೋಡಬೇಕು. ತೊಂದರೆ ಕಂಡರೆ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳುಹಿಸಬೇಕು. ನಮ್ಮ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇರುವುದು ಕೆ. ವಿಲಕ್ಕಿನಲ್ಲಿ. ತೇವಾರದಿಂದ ಬೋಡಿ, ಬೋಡಿಯಿಂದ ತೇನಿ, ತೇನಿಯಿಂದ ಆಂಡಿಪಟ್ಟಿ ದಾರಿ. ಸದ್ದಿಗೆ ಬೆದರುವ ಮಗುವನ್ನು ಕರೆದುಕೊಂಡು ಬಸ್ಸು ಬದಲಿಸುತ್ತಾ ಹೋಗುವ ತಾಯಿಗೆ ಅಂದಿನ ಕೂಲಿಯೂ ಹೋಯಿತು.

ಸೇವೆಯೇ ಮನೆ ಬಾಗಿಲಿಗೆ ಬರಬಹುದು ಎಂಬುದಕ್ಕೆ ತೆಂಕಾಶಿ ಬಳಿಯ ಆಯಿಕುಡಿಯ ಅಮರ್ ಸೇವಾ ಸಂಘ ಸಾಕ್ಷಿ. ಅದನ್ನು 1981ರಲ್ಲಿ ಕಟ್ಟಿದ ಎಸ್. ರಾಮಕೃಷ್ಣನ್, ನೌಕಾಪಡೆಯ ಆಯ್ಕೆ ಪರೀಕ್ಷೆಗೆಂದು ಬೆಂಗಳೂರಿಗೆ ಹೋದಾಗ ಬಿದ್ದು ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಂಡವರು. ಇಂದು ಆ ಸಂಘದ ಕಾರ್ಯಕರ್ತೆಯರು ಹಳ್ಳಿಗಳಿಗೆ ಹೋಗಿ, ಬೆಳವಣಿಗೆ ಹಿಂದುಳಿದ ಪುಟ್ಟ ಮಕ್ಕಳಿಗೆ ಮನೆಯಲ್ಲೇ ಥೆರಪಿ ಕೊಡುತ್ತಾರೆ. ತಮಿಳುನಾಡು ಸರ್ಕಾರವೂ ವಿಶ್ವಬ್ಯಾಂಕಿನ ನೆರವಿನಿಂದ 'ವಿಳುದುಗಳ್' ಎಂಬ ಸೇವಾ ಕೇಂದ್ರಗಳನ್ನು ತೆರೆಯುತ್ತಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಬಿಳಲುಗಳು. ಆಲದ ಬಿಳಲು ನೆಲ ಮುಟ್ಟಿದರೆ ತಾನೇ ಮರಕ್ಕೆ ಆಸರೆ?

ನಾವು ಮಾಡಬಹುದಾದದ್ದು

ಈ ಕಣಿವೆಯಲ್ಲಿ ಕನ್ನಡ ಮನೆಮಾತಾಗಿ ಉಳಿದು ತಲೆಮಾರುಗಳೇ ಆದವು. 1909ರಲ್ಲೇ ಎಡ್ಗರ್ ಥರ್ಸ್ಟನ್ ಮದುರೆ ಸೀಮೆಯ ಕನ್ನಡ ಮಾತಿನ ಕಪ್ಪಿಲಿಯರ ಬಗ್ಗೆ ಬರೆದಿದ್ದಾರೆ. ಶಾಲೆಯಲ್ಲಿ ತಮಿಳು ಕಲಿತ ನಮಗೆ ಎರಡು ಮಾತಿನ ನಡುವೆ ಓಡಾಡುವುದು ಕಷ್ಟವಲ್ಲ. ಮಾತೇ ಕಷ್ಟವಾದ ಮಗುವಿಗೆ ಅದು ದೊಡ್ಡ ಗೋಡೆ. ಅಹವಾಲನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಹಾಗಿರುವಾಗ "ಇದು ನಮ್ಮ ಮನೆಮಾತು, ಹಾಲು ಅಂದರೆ ಪಾಲ್" ಎಂದು ಹೇಳಲು ನಾಚಿಕೆ ಏಕೆ?

ಆದ್ದರಿಂದ ಮೂರು ಕೆಲಸ ಮಾಡೋಣ ಎಂದುಕೊಂಡಿದ್ದೇವೆ. ಒಂದು, ಇಂಥ ಮಕ್ಕಳಿರುವ ಮನೆಗೆ ಹೋಗಿ, ಮಗು ಆಡುವ ಮಾತುಗಳನ್ನು ಪಟ್ಟಿ ಮಾಡಿ ಪಕ್ಕದಲ್ಲಿ ತಮಿಳು ಬರೆದುಕೊಡುವುದು. ಎರಡು, ಮಗು ತಾನಾಗಿ ಏನೇನು ಮಾಡುತ್ತದೆ, ಯಾವುದಕ್ಕೆ ನೆರವು ಬೇಕು ಎಂದು ತಾಯಿಯೊಡನೆ ಕೂತು ಬರೆಯುವುದು. ತಾಯಿಯನ್ನೇ ಪ್ರಶ್ನೆ ಕೇಳಿ ಅಂಕ ಹಾಕುವ ಪರೀಕ್ಷೆಯೂ ಇದೆ. ಅಲ್ಲಿ ಹೆಚ್ಚಿಸಿಯೂ ಹೇಳಬಾರದು, ಕಡಿಮೆ ಮಾಡಿಯೂ ಹೇಳಬಾರದು. ಮೂರು, ಕಚೇರಿಗೆ ಹೋಗುವ ದಿನ ನಮ್ಮಲ್ಲಿ ಇಬ್ಬರು ಜೊತೆಗೆ ಹೋಗುವುದು. ಒಬ್ಬರು ಸಾಲಿನಲ್ಲಿ ನಿಂತರೆ, ಇನ್ನೊಬ್ಬರು ಮಗುವಿನೊಡನೆ ಹೊರಗೆ ಮರದ ನೆರಳಿನಲ್ಲಿರಬಹುದು.

ಮಾರ್ಕನ ಶುಭಸಂದೇಶದಲ್ಲಿ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದ ನಾಲ್ವರು ನೆನಪಿದ್ದಾರಲ್ಲವೇ? ಬಾಗಿಲಲ್ಲಿ ಜನ ಕಿಕ್ಕಿರಿದಿದ್ದಾಗ ಅವರು ಹಿಂದಿರುಗಲಿಲ್ಲ, ಮೇಲೆ ಹತ್ತಿ ಚಾವಣಿಯನ್ನೇ ತೆಗೆದರು. ಅವರ ಹೆಸರು ಯಾರಿಗೂ ಗೊತ್ತಿಲ್ಲ.

ಅಕ್ಕನ ಚೀಲದ ಕಾಗದಗಳನ್ನು ಈಗ ಒಂದು ಫೈಲಿನಲ್ಲಿ ಜೋಡಿಸಿದ್ದೇವೆ. ಪೋಷಕತ್ವದ ಅರ್ಜಿಯನ್ನೂ ತುಂಬಿಟ್ಟಿದ್ದೇವೆ. ಮಗನಿಗೆ ಹದಿನೆಂಟು ತುಂಬಿದ ಮೇಲೆ ಕೊಡಬೇಕಾದದ್ದು ಅದು. ಅದಕ್ಕೆ ಮೊದಲು ಏನೇನು ಸಿದ್ಧವಿರಬೇಕೆಂದು ಕೇಳಿಕೊಂಡು ಬರಲು ಬರುವ ಗುರುವಾರ ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತಿದ್ದೇವೆ. ಇನ್ನಿಬ್ಬರಿಗೆ ಜಾಗವಿದೆ. ಬರುವವರು ಭಾನುವಾರ ಪೂಜೆಯ ನಂತರ ಹೆಸರು ಕೊಡಿ.