ಊರಿನ ಹೆಸರು ಹೊತ್ತ ತಿಂಡಿಗಳು, ಹೆಸರಿಲ್ಲದೆ ಹೋಗೋ ನಮ್ಮ ಮಾವು

ಇವತ್ತು ಗೊಬ್ಬರ, ಔಷಧಿ ವಿಚಾರ ಬಿಟ್ಟು ಸ್ವಲ್ಪ ಇತಿಹಾಸ ಬರೀತೀನಿ. ಉದ್ದ ಇದೆ, ಬಿಡುವಾದಾಗ ಓದಿ.

ನಮ್ಮ ರಾಯಲ್ಪಾಡು ಕಡೆ ಯಾರು ತಿರುಪತಿಗೆ ಹೋಗಿ ಬಂದ್ರೂ ಲಡ್ಡು ಮುರಿದು ಅಕ್ಕಪಕ್ಕದ ಮನೆಗೆಲ್ಲಾ ಕೊಡ್ತಾರೆ. ಮೈಸೂರಿಗೆ ಹೋದವರು ಮೈಸೂರು ಪಾಕ್ ತರ್ತಾರೆ, ಹುಬ್ಬಳ್ಳಿ ಕಡೆ ಹೋದವರು ಧಾರವಾಡ ಪೇಡಾ ತರ್ತಾರೆ. ಬರಿಗೈಲಿ ಮನೆಗೆ ಬರಬಾರದು ಅನ್ನೋದು ಹಿರಿಯರ ಮಾತು. ಆದ್ರೆ ಹೊರಗಿನವರು ಶ್ರೀನಿವಾಸಪುರಕ್ಕೆ ಬಂದು ಹೋಗುವಾಗ ಇಲ್ಲಿಂದ ಏನು ತಗೊಂಡು ಹೋಗ್ತಾರೆ? ರಾಜ್ಯದಲ್ಲೇ ಹೆಚ್ಚು ಮಾವು ಬೆಳೆಯೋ ಜಿಲ್ಲೆ ನಮ್ಮದು. ಈ ಪ್ರಶ್ನೆಗೆ ಉತ್ತರ ಬೇಕಂದ್ರೆ ಬೇರೆ ಊರಿನ ತಿಂಡಿಗಳಿಗೆ ಹೆಸರು ಹೇಗೆ ಬಂತು ಅಂತ ಮೊದಲು ನೋಡಬೇಕು.

ಮದ್ದೂರು ವಡೆ ತಗೊಳ್ಳಿ. 1917ರಲ್ಲಿ ರಾಮಚಂದ್ರ ಬುಧ್ಯ ಅನ್ನೋರು ಮದ್ದೂರು ರೈಲು ನಿಲ್ದಾಣದಲ್ಲಿ ತಿಂಡಿ ಮಾರ್ತಿದ್ರು. ರೈಲು ಹೊರಡೋ ಹೊತ್ತಾಯ್ತು, ಬೋಂಡಾ ಬೇಯೋಕೆ ಸಮಯ ಇಲ್ಲ ಅಂತ ಹಿಟ್ಟನ್ನು ಕೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ರು ಅಂತ ಕಥೆ ಇದೆ. ಕಥೆ ಹೇಗೇ ಇರಲಿ, ಬೆಂಗಳೂರು ಮೈಸೂರು ನಡುವೆ ರೈಲು ಓಡಾಡಿದ್ದರಿಂದ ಆ ವಡೆಗೆ ಗಿರಾಕಿ ಸಿಕ್ಕಿದ್ರು. ಎರಡು ದಿನ ಇಟ್ರೂ ಕೆಡಲ್ಲ, ಕಾಗದದಲ್ಲಿ ಸುತ್ತಿ ಮನೆಗೆ ಒಯ್ಯಬಹುದು. ಅಷ್ಟು ಸಾಕಾಯ್ತು, ಊರಿನ ಹೆಸರು ಮನೆಮನೆ ತಲುಪಿತು.

ಧಾರವಾಡ ಪೇಡಾ ಮಾಡಿದ್ದು ಉತ್ತರ ಪ್ರದೇಶದ ಉನ್ನಾವ್‌ನಿಂದ ಪ್ಲೇಗಿಗೆ ಹೆದರಿ ಬಂದ ಠಾಕೂರ್ ಮನೆತನ. ಮಾಡಿದವರು ವಲಸೆ ಬಂದವರು, ಹಾಲು ಮಾತ್ರ ಧಾರವಾಡದ ಗೌಳಿಗರ ಎಮ್ಮೆಗಳದ್ದು. ಪೇಡಾಕ್ಕೆ ಹೆಸರು ಬಂದಂಗೆಲ್ಲಾ ಎಮ್ಮೆ ಸಾಕಿದವರ ಹಾಲಿಗೂ ಅಲ್ಲೇ ಗಿರಾಕಿ ಆಯ್ತು. ಇದು ನಾವು ಗಮನಿಸಬೇಕಾದ ವಿಷಯ. ಮೈಸೂರು ಪಾಕ್ ಅರಮನೆಯ ಅಡುಗೆಯವರಾದ ಕಾಕಾಸುರ ಮಾದಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೆ ಮಾಡಿದ್ದು ಅಂತಾರೆ. ಅವರ ವಂಶದವರ ಅಂಗಡಿ ಇವತ್ತೂ ಮೈಸೂರಲ್ಲಿದೆ. ತಿರುಪತಿ ಲಡ್ಡುಗೆ 2009ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಅಂದ್ರೆ ಆ ಹೆಸರಲ್ಲಿ ಬೇರೆ ಯಾರೂ ಲಡ್ಡು ಮಾರೋ ಹಾಗಿಲ್ಲ.

ಎಲ್ಲದರಲ್ಲೂ ಮೂರು ವಿಷಯ ಕಾಣ್ತದೆ. ಒಂದು, ತಿಂಡಿ ನಾಲ್ಕು ದಿನ ತಡೀಬೇಕು. ಎರಡು, ಆ ದಾರೀಲಿ ಜನ ಓಡಾಡಬೇಕು. ಮೂರು, ಯಾರೋ ಒಬ್ಬರು ವರ್ಷಾನುಗಟ್ಟಲೆ ಒಂದೇ ರುಚಿ ಕಾಪಾಡಿ ಊರಿನ ಹೆಸರಲ್ಲೇ ಮಾರಬೇಕು.

ಇನ್ನು ದೂರದ ಒಂದು ದೇಶದ ಮಾತು. ಫಿಲಿಪೀನ್ಸ್‌ನಲ್ಲಿ ಊರಿಂದ ಬರುವಾಗ ಮನೆಯವರಿಗೆ ತರೋ ತಿಂಡಿಗೆ ಒಂದು ಹೆಸರೇ ಇದೆ, ಪಸಲುಬೋಂಗ್ ಅಂತಾರೆ. ಎದುರುಗೊಳ್ಳೋದು ಅನ್ನೋ ಅರ್ಥದ ಮಾತಿನಿಂದ ಬಂದಿದ್ದು. ಅಲ್ಲಿನ ವಿಶೇಷ ಏನಂದ್ರೆ, ಎಷ್ಟೋ ಕಡೆ ಆ ತಿಂಡಿ ಆಯಾ ಊರಿನ ಬೆಳೆಯಿಂದಲೇ ಆಗಿರ್ತದೆ. ಬಾಗಿಯೋ ಗುಡ್ಡದ ಊರಿಂದ ಸ್ಟ್ರಾಬೆರಿ ಜಾಮ್, ದಾವಾವೊದಿಂದ ಡುರಿಯನ್ ಮಿಠಾಯಿ, ಸೆಬುವಿನಿಂದ ಒಣಗಿಸಿದ ಮಾವು. ಅವರ ತಳಿ ಕ್ಯಾರಬಾವೊ. ಹಣ್ಣು ಸಿಪ್ಪೆ ತೆಗೆದು, ಹೋಳು ಮಾಡಿ, ಸಕ್ಕರೆ ಹಿಡಿಸಿ ಒಣಗಿಸ್ತಾರೆ. ಮಾವಿನ ತಿರುಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ನೀರೇ. ಅದು ಹೋದ್ರೆ ಭಾರ ಇಳೀತದೆ, ತಿಂಗಳುಗಟ್ಟಲೆ ಇರ್ತದೆ, ವಿಮಾನದಲ್ಲೂ ಹೋಗ್ತದೆ. ಗಿಮಾರಾಸ್ ಅನ್ನೋ ದ್ವೀಪದ ಮಾವಿಗೆ 2023ರಲ್ಲಿ ಆ ದೇಶದ ಮೊದಲ ಜಿಐ ಸಿಕ್ಕಿತು.

ಈಗ ನಮ್ಮ ಕಡೆ ಬರೋಣ. ನಾವು ಬೆಳೆಯೋ ಬೇನಿಷಾದ ಪೂರ್ತಿ ಹೆಸರು ಬನಗಾನಪಲ್ಲಿ. 2017ರಲ್ಲಿ ಅದರ ಜಿಐ ಆಂಧ್ರಕ್ಕೆ ಹೋಯ್ತು, ಊರು ಅವರದ್ದೇ ಆದ್ದರಿಂದ ಅದು ನ್ಯಾಯವೇ. ಅಂಕೋಲದ ಕರಿ ಇಶಾಡಿಗೂ ಮಲೆನಾಡಿನ ಅಪ್ಪೆಮಿಡಿಗೂ ಜಿಐ ಇದೆ. ನಮ್ಮ ತೋತಾಪುರಿ ಮಾತ್ರ ಲಾರಿ ಹತ್ತಿ ಚಿತ್ತೂರು ಕಡೆಯ ಪಲ್ಪ್ ಕಾರ್ಖಾನೆಗೆ ಹೋಗ್ತದೆ. ಅಲ್ಲಿಂದ ಡಬ್ಬಿಯೊಳಗೆ ಸೇರಿ ಹೊರಬರುವಾಗ ಯಾವ ತೋಟದ್ದು, ಯಾವ ತಾಲ್ಲೂಕಿನದ್ದು ಅಂತ ಯಾರಿಗೂ ಗೊತ್ತಾಗಲ್ಲ.

ಇದರ ಪೆಟ್ಟು ಏನು ಅಂತ 2025ರ ಜೂನ್‌ನಲ್ಲಿ ನಾವೆಲ್ಲಾ ನೋಡಿದ್ವಿ. ಆಂಧ್ರ ತನ್ನ ರೈತರಿಗೆ ತೋತಾಪುರಿಗೆ ಕೆಜಿಗೆ 12 ರೂಪಾಯಿ ಕೊಡಿಸ್ತು, ಅದರಲ್ಲಿ 8 ಕಾರ್ಖಾನೆಯದ್ದು, 4 ಸರ್ಕಾರದ್ದು. ಹೊರಗಿನ ಕಾಯಿ ಬಂದ್ರೆ ಆ ಲೆಕ್ಕ ಕೆಡ್ತದೆ ಅಂತ ಚಿತ್ತೂರು ಜಿಲ್ಲಾಡಳಿತ ನಮ್ಮ ಕಾಯಿ ತಡೀತು. ನಮ್ಮ ಕಡೆ ಬೆಲೆ ಕುಸೀತು, ಜೂನ್ 11ಕ್ಕೆ ಶ್ರೀನಿವಾಸಪುರ ಬಂದ್ ಆಯ್ತು. ಆಮೇಲೆ ಕೇಂದ್ರ ಸರ್ಕಾರ ಕ್ವಿಂಟಾಲಿಗೆ 1,616 ರೂಪಾಯಿ ದರ ಇಟ್ಟು, ಕರ್ನಾಟಕದ 2.5 ಲಕ್ಷ ಟನ್‌ವರೆಗೆ ಕೊರತೆ ಹಣಕ್ಕೆ ಒಪ್ಪಿತು. ಅಲ್ಲಿನ ರೈತರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ನಮ್ಮ ಹಾಗೇನೇ. ಆದ್ರೆ ಹೋಗೋಕೆ ಒಂದೇ ಬಾಗಿಲು ಇದ್ದು, ಅದರ ಚಿಲಕ ಇನ್ನೊಬ್ಬರ ಕೈಲಿದ್ರೆ ಹೀಗೇ ಆಗೋದು.

ತಿಂಡಿ ಮಾಡಿ ಲಕ್ಷ ಟನ್ ಕಾಯಿ ಖಾಲಿ ಮಾಡೋಕಾಗಲ್ಲ, ಅದು ನನಗೂ ಗೊತ್ತು. ಪಲ್ಪ್ ಕಾರ್ಖಾನೆ ನಮ್ಮ ಕಡೇನೇ ಬೇಕು, ಆ ಬೇಡಿಕೆ ಬಿಡಬಾರದು. ಆದ್ರೆ ಇನ್ನೊಂದು ಸಣ್ಣ ಬಾಗಿಲು ನಾವೇ ತೆಗೀಬಹುದು. ಮಾಮಿಡಿ ತಾಂಡ್ರ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ ಹೇಳಿ? ರಸ ಸೋಸಿ, ಬೆಲ್ಲವೋ ಸಕ್ಕರೆಯೋ ಸೇರಿಸಿ, ಚಾಪೆ ಮೇಲೆ ಸವರಿ ಬಿಸಿಲಿಗೆ ಇಡೋದು. ಒಣಗಿದ ಮೇಲೆ ಇನ್ನೊಂದು ಪದರ, ಹೀಗೇ ದಪ್ಪ ಆಗೋವರೆಗೂ. ಗೋದಾವರಿ ಸೀಮೆಯ ಆತ್ರೇಯಪುರ ಪೂತರೇಕುಲಿಗೆ ಹೆಸರಾದ ಊರು, ತಾಂಡ್ರಕ್ಕೂ ಅಷ್ಟೇ ಹೆಸರು. ನಾವು ಅಂಗಡಿಯಿಂದ ಅದನ್ನೇ ತಂದು ತಿಂತೀವಿ, ನಮ್ಮ ತೋಟದ ಕಳಿತ ಹಣ್ಣು ಮರದ ಕೆಳಗೆ ಕೊಳೀತಿರ್ತದೆ.

ಹಣ್ಣಿನ ಬಾಕ್ಸೂ ಒಂದು ದಾರಿ. ಬಾದಾಮಿ, ಮಲ್ಲಿಕಾ, ಬೇನಿಷಾ ಬೆಳೆದವರು ರಾಜ್ಯ ಮಾವು ನಿಗಮದ ಮೂಲಕ ಅಂಚೆಯಲ್ಲಿ 3 ಕೆಜಿ ಬಾಕ್ಸ್ ಬೆಂಗಳೂರಿನ ಮನೆಗಳಿಗೆ ಕಳಿಸಿದ್ದಾರೆ.

ಮದನಪಲ್ಲಿ ಕಡೆ ಹೋಗೋ ಗಾಡಿಗಳು ನಮ್ಮ ಮುಂದೇನೇ ಹೋಗ್ತವೆ. ಹಣ್ಣಿದೆ, ಬಿಸಿಲಿದೆ, ತಾಂಡ್ರ ಮಾಡೋ ಕೈ ನಮ್ಮ ಅಮ್ಮಂದಿರದ್ದು, ಅತ್ತೆಯಂದಿರದ್ದು. ಸ್ತ್ರೀಶಕ್ತಿ ಸಂಘದ ಹತ್ತು ಜನ ಸೇರಿ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಪೊಟ್ಟಣದ ಮೇಲೆ ದೊಡ್ಡದಾಗಿ ಶ್ರೀನಿವಾಸಪುರ ಅಂತ ಬರೆಸಿದ್ರೆ ಶುರು ಆಯ್ತು. ಮದ್ದೂರಲ್ಲೂ ಶುರು ಆಗಿದ್ದು ಒಂದು ಬಾಣಲೆಯಿಂದಾನೇ.

ನಿಮ್ಮ ಮನೇಲಿ ತಾಂಡ್ರ ಮಾಡೋರು ಇದ್ರೆ ಯಾವ ತಳಿ ಹಣ್ಣು ಹಾಕ್ತಾರೆ, ಎಷ್ಟು ದಿನ ಒಣಗಿಸ್ತಾರೆ ಅಂತ ಕೆಳಗೆ ಬರೀರಿ. ತೋತಾಪುರಿಯಲ್ಲಿ ಮಾಡಿ ನೋಡಿದವರು ತಪ್ಪದೆ ಹೇಳಿ. ಮುಂದಿನ ಸೀಸನ್‌ಗೆ ಮುಂಚೆ ಆ ಲೆಕ್ಕ ನಮ್ಮ ಕೈಲಿರಬೇಕು.