ಬಾವಿಯ ಬೆಂಡಿನಿಂದ ಸ್ಕೂಬಾವರೆಗೆ: ಮೊದಲ ಕಿಟ್ ಕೊಳ್ಳುವ ಮುನ್ನ ಒಂದಿಷ್ಟು ಇತಿಹಾಸ

ರೋಣ, ನರಗುಂದ, ಗಜೇಂದ್ರಗಡ ಅಂದ ತಕ್ಷಣ ಯಾರಿಗೂ ಸ್ಕೂಬಾ ಡೈವಿಂಗ್ ನೆನಪಾಗೋದಿಲ್ಲ ಬಿಡಿ. ನರಗುಂದ ಅಂದರೆ 1858ರ ಬಾಬಾಸಾಹೇಬನ ಬಂಡಾಯ, ಇಲ್ಲವೇ 1980ರ ಜುಲೈ 21ರ ರೈತ ಬಂಡಾಯ. ಎರಡನೆಯದರ ಹಿಂದೆ ಇದ್ದದ್ದೇ ಮಲಪ್ರಭಾ ಯೋಜನೆಯ ನೀರಿನ ಕರ. ನಮ್ಮ ಗಜೇಂದ್ರಗಡ ಅಂದರೆ ಗುಡ್ಡ, ಕೋಟೆ, ಕಾಲಕಾಲೇಶ್ವರ, ಸೀರೆ ನೇಯುವ ಮಗ್ಗ. ನೀರು ಅಂದರೆ ನಮಗೆ ಜಗಳ ಆಡಿ ತರಬೇಕಾದ ವಸ್ತು, ಮುಳುಗಿ ಆಡುವ ವಸ್ತು ಅಲ್ಲ.

ಹೀಗಿರುವಾಗ ಬೆಂಗಳೂರಿನ ಆಫೀಸಿನ ಗೆಳೆಯರ ಜೊತೆ ಮುರ್ಡೇಶ್ವರಕ್ಕೆ ಹೋಗಿ, ದಡದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿ ಬಂದ ಮೇಲೆ ನನಗೆ ಇದರ ಹುಚ್ಚು ಹಿಡಿಯಿತು. ಸ್ವಂತ ಕಿಟ್ ಕೊಳ್ಳೋಣ ಅಂತ ಲೆಕ್ಕ ಹಾಕಿದರೆ, ಪೂರ್ತಿ ಸೆಟ್‌ಗೆ ನಮ್ಮ ಹೊಲದಲ್ಲಿ ಒಂದು ಬೋರ್‌ವೆಲ್ ಕೊರೆಸುವಷ್ಟು ದುಡ್ಡು! ಊರಿನ ಹಳೇ ಬೋರು ಬತ್ತಿ ಹೊಸದರ ಮಾತು ನಡೆದಿದ್ದ ಹೊತ್ತು ಅದು. ಅಪ್ಪ ಫೋನಿನಲ್ಲಿ ಒಂದೇ ಮಾತು ಕೇಳಿದರು: "ನೀರ ಇಲ್ಲದ ನಾಡಾಗ ಹುಟ್ಟಿ, ರೊಕ್ಕಾ ಕೊಟ್ಟು ನೀರಾಗ ಮುಳಗಾಕ ಹೊಂಟೀಯೇನೋ ತಮ್ಮಾ?"

ಉತ್ತರ ಕೊಡೋದು ಕಷ್ಟ. ಬೋರ್‌ವೆಲ್‌ಗೆ ನನ್ನ ಪಾಲು ಕಳಿಸಿದ ಮೇಲೆ ಈ ಹುಚ್ಚಿಗೆ ಉಳಿದದ್ದು 15,000 ರೂಪಾಯಿ. ಅಷ್ಟರಲ್ಲಿ ಯಾವುದನ್ನು ಮೊದಲು ಕೊಳ್ಳಬೇಕು? ಅಂಗಡಿಯವರು ಎಲ್ಲವನ್ನೂ ಮೊದಲು ಕೊಳ್ಳಿ ಅಂತಾರೆ. ಅದಕ್ಕೇ ನಾನು ಒಂದೊಂದು ಸಾಮಾನು ಯಾಕೆ ಹುಟ್ಟಿತು, ಯಾವ ತೊಂದರೆಗೆ ಪರಿಹಾರವಾಗಿ ಬಂತು ಅಂತ ಓದುತ್ತಾ ಹೋದೆ. ಆ ಕಥೆ ಓದಿದ ಮೇಲೆ ಪಟ್ಟಿ ತಾನೇ ತಯಾರಾಯಿತು.

ಬೆಂಡು ಮತ್ತು ಕಂದೀಲು

ನಮ್ಮ ಕಡೆ ನೀರಿಗಿಳಿಯುವ ವಿದ್ಯೆ ಇರಲೇ ಇಲ್ಲ ಅಂತಲ್ಲ. ಸೂಡಿಯ ನಾಗಕುಂಡ ನೋಡಿದವರಿಗೆ ಗೊತ್ತು, ಕಲ್ಯಾಣ ಚಾಲುಕ್ಯರ ಕಾಲದಲ್ಲೇ ನೀರಿನವರೆಗೆ ಮೆಟ್ಟಿಲು ಇಳಿಸಿ ಎಂಥಾ ಚೆಂದದ ಹೊಂಡ ಕಟ್ಟಿದ್ದರು ಅಂತ. ಹೊಲದ ಬಾವಿಗಳಲ್ಲಿ ಹುಡುಗರು ಈಜು ಕಲಿತದ್ದು ಸೊಂಟಕ್ಕೆ ಬೆಂಡು ಅಥವಾ ಒಣಗಿದ ಸೋರೆಬುರುಡೆ ಕಟ್ಟಿಕೊಂಡು. ಇವತ್ತು ಡೈವರ್‌ಗಳು ತೊಡುವ ಗಾಳಿ ತುಂಬುವ ಜಾಕೆಟ್, ಅಂದರೆ ಬಿಸಿಡಿ, ಇದೇ ಬುರುಡೆಯ ದೊಡ್ಡಪ್ಪನ ಮಗ. ವ್ಯತ್ಯಾಸ ಇಷ್ಟೇ, ಬುರುಡೆ ಬರೀ ತೇಲಿಸುತ್ತೆ, ಬಿಸಿಡಿಯಲ್ಲಿ ಗಾಳಿ ಹೆಚ್ಚು ಕಡಿಮೆ ಮಾಡಿ ನೀರಿನ ನಡುವೆ ಬೇಕಾದ ಆಳದಲ್ಲಿ ನಿಲ್ಲಬಹುದು. ಫ್ರಾನ್ಸಿನ ಮೋರಿಸ್ ಫೆಂಜಿ 1961ರಲ್ಲಿ ಕುತ್ತಿಗೆಗೆ ಹಾಕುವಂಥದ್ದನ್ನು ತಂದ. ಅದು ಜಾಕೆಟ್ ರೂಪಕ್ಕೆ ಬಂದದ್ದು 70ರ ದಶಕದಲ್ಲಿ.

ಇನ್ನೊಂದು ವಿದ್ಯೆ ಕಂದೀಲಿನದು. ಹಳೇ ಬಾವಿಯ ಹೂಳು ತೆಗೆಯಲು ಇಳಿಯುವ ಮೊದಲು ಹಿರಿಯರು ಹಗ್ಗಕ್ಕೆ ಕಂದೀಲು ಕಟ್ಟಿ ಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ, ಕೆಳಗೆ ಕೆಟ್ಟ ಗಾಳಿ ಇದೆ ಅಂತ ಅರ್ಥ. ಈ ಎಚ್ಚರಿಕೆ ಬಿಟ್ಟು ಇಳಿದು, ಒಬ್ಬರನ್ನು ಉಳಿಸಲು ಇನ್ನೊಬ್ಬರು ಹೋಗಿ, ಸಾಲಾಗಿ ಪ್ರಾಣ ಬಿಟ್ಟ ಸುದ್ದಿಗಳನ್ನು ನಾವೆಲ್ಲ ಪೇಪರಿನಲ್ಲಿ ಓದಿದ್ದೇವೆ.

ಸ್ವಾರಸ್ಯ ಏನಪ್ಪಾ ಅಂದರೆ, ಸ್ಕೂಬಾದ ಎದೆಗುಂಡಿಗೆಯಾದ ರೆಗ್ಯುಲೇಟರ್ ಹುಟ್ಟಿದ್ದೂ ಇದೇ ಸಮಸ್ಯೆಯಿಂದ. ಫ್ರಾನ್ಸಿನ ಗಣಿ ಎಂಜಿನಿಯರ್ ಬೆನ್ವಾ ರೂಕೇರೋಲ್ 1860ರಲ್ಲಿ, ಗಣಿಯೊಳಗೆ ಕೆಟ್ಟ ಗಾಳಿ ತುಂಬಿದಾಗ ರಕ್ಷಣೆಗೆ ಇಳಿಯುವವರಿಗಾಗಿ ಒಂದು ಉಪಕರಣ ಮಾಡಿದ. ಉಸಿರು ಎಳೆದಾಗ ಮಾತ್ರ ಗಾಳಿ ಕೊಡುವುದು ಅದರ ಗುಣ. ಆಮೇಲೆ ನೌಕಾಪಡೆಯ ಅಧಿಕಾರಿ ದೆನೇರೂಜ್ ಜೊತೆ ಸೇರಿ ಅದನ್ನೇ ನೀರಿಗೆ ಇಳಿಸಿದರು. ಜೂಲ್ಸ್ ವರ್ನ್‌ನ ಕಾದಂಬರಿಯಲ್ಲಿ ಕ್ಯಾಪ್ಟನ್ ನೀಮೋನ ಜನ ಬಳಸೋದು ಇದನ್ನೇ ಸುಧಾರಿಸಿದ ಯಂತ್ರ.

ಕಾರಿನ ವಾಲ್ವ್

ಆದರೆ ಆಗಿನ ಸಿಲಿಂಡರ್‌ಗಳು ಹೆಚ್ಚು ಒತ್ತಡ ತಾಳುತ್ತಿರಲಿಲ್ಲ. ಹಾಗಾಗಿ ಸುಮಾರು 80 ವರ್ಷ ಡೈವರ್ ಅಂದರೆ ತಾಮ್ರದ ಹೆಲ್ಮೆಟ್ ಹಾಕಿಕೊಂಡು, ಮೇಲಿನ ಹಡಗಿನಿಂದ ಬರುವ ಪೈಪಿಗೆ ಕಟ್ಟಿಬಿದ್ದವನೇ.

ಬಿಡುಗಡೆ ಸಿಕ್ಕಿದ್ದು 1943ರಲ್ಲಿ. ಯುದ್ಧದ ಸಮಯ, ಫ್ರಾನ್ಸಿನಲ್ಲಿ ಪೆಟ್ರೋಲ್ ಇಲ್ಲ, ಕಾರುಗಳನ್ನು ಗ್ಯಾಸ್ ಮೇಲೆ ಓಡಿಸುವ ಪರದಾಟ. ಅದಕ್ಕಾಗಿ ಎಂಜಿನಿಯರ್ ಎಮಿಲ್ ಗಾನ್ಯಾನ್ ಒಂದು ವಾಲ್ವ್ ಮಾಡಿದ್ದ. ನೌಕಾಪಡೆಯ ಜಾಕ್ ಕುಸ್ತೋ ಬಂದು ಕೇಳಿದಾಗ ಅದನ್ನೇ ಉಸಿರಾಟಕ್ಕೆ ಬದಲಾಯಿಸಿಕೊಟ್ಟ. ಪ್ಯಾರಿಸ್ ಹತ್ತಿರದ ಮಾರ್ನ್ ನದಿಯಲ್ಲಿ ಮೊದಲ ಪರೀಕ್ಷೆ. ಮಲಗಿದಂತೆ ಈಜಿದರೆ ಸರಿ, ನೆಟ್ಟಗೆ ನಿಂತರೆ ಗಾಳಿ ಸುಮ್ಮನೆ ಹರಿದು ಪೋಲು, ತಲೆಕೆಳಗಾದರೆ ಗಾಳಿಯೇ ಎಳೆಯೋಕಾಗಲ್ಲ! ನಮ್ಮ ಭಾಷೆಯಲ್ಲಿ ಹೇಳೋದಾದರೆ ಪಕ್ಕಾ ಬಗ್. ಉಸಿರು ಹೊರಹೋಗುವ ಜಾಗವೂ ಗಾಳಿ ಒಳಬರುವ ಜಾಗವೂ ಬೇರೆ ಬೇರೆ ಎತ್ತರದಲ್ಲಿದ್ದದ್ದು ಕಾರಣ. ಎರಡನ್ನೂ ಅಕ್ಕಪಕ್ಕ ತಂದರು, ಬಗ್ ಹೋಯಿತು. ಅದೇ ಆಕ್ವಾಲಂಗ್. ಇವತ್ತು ನಾವು ಬಳಸುವ ಒಂದೇ ಪೈಪಿನ ರೆಗ್ಯುಲೇಟರ್‌ಗೆ ದಾರಿ ಮಾಡಿದ್ದು ಆಸ್ಟ್ರೇಲಿಯಾದ ಟೆಡ್ ಎಲ್ಡ್ರೆಡ್ 1952ರಲ್ಲಿ ಮಾರಿದ 'ಪೋರ್ಪಸ್'.

ಈ ತಂತ್ರಜ್ಞಾನ ನಮ್ಮ ಇತಿಹಾಸಕ್ಕೂ ಕೆಲಸಕ್ಕೆ ಬಂತು. ಲೋಥಲ್ ಉತ್ಖನನ ಮಾಡಿದ ನಮ್ಮ ಶಿಕಾರಿಪುರ ರಂಗನಾಥ ರಾವ್, ಅಂದರೆ ಎಸ್. ಆರ್. ರಾವ್, ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಸಾಗರ ಪುರಾತತ್ವ ವಿಭಾಗ ಕಟ್ಟಿ, 1980ರ ದಶಕದಲ್ಲಿ ದ್ವಾರಕೆಯ ಸಮುದ್ರದೊಳಗೆ ಸಂಶೋಧನೆ ನಡೆಸಿದರು. ಸನಿಕೆ, ಪುಟ್ಟಿ ಹಿಡಿದು ಮಾಡುವ ಕೆಲಸವನ್ನು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮಾಡಿದ ತಂಡ ಅದು.

ಆಡುಗಳು ಕಲಿಸಿದ ಪಾಠ

ನನಗೆ ಅತಿ ಇಷ್ಟವಾದ ಅಧ್ಯಾಯ ಇದು. ನೀರಿನಲ್ಲಿ ಪ್ರತಿ 10 ಮೀಟರಿಗೆ ಸುಮಾರು ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತೆ. ಆ ಒತ್ತಡದಲ್ಲಿ ಉಸಿರಾಡಿದ ಸಾರಜನಕ ರಕ್ತ, ಮಾಂಸದಲ್ಲಿ ಕರಗಿ ಕೂರುತ್ತೆ. ಗಡಬಡಿಸಿ ಮೇಲೆ ಬಂದರೆ ಸೋಡಾ ಬಾಟಲಿ ತೆರೆದಂತೆ ಗುಳ್ಳೆ ಏಳುತ್ತೆ. ಕೀಲುನೋವು, ಲಕ್ವ, ಸಾವು, ಏನು ಬೇಕಾದರೂ ಆಗಬಹುದು. 1878ರಲ್ಲೇ ಪಾಲ್ ಬೆರ್ ಕಾರಣ ಹೇಳಿದ್ದ. ಆದರೆ ಎಷ್ಟು ಆಳದಿಂದ ಎಷ್ಟು ನಿಧಾನ ಬರಬೇಕು?

ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷಿಸಿದ. ತೊಂದರೆಯಾದ ಆಡು ಮುಂಗಾಲು ಎತ್ತಿಕೊಂಡು ನಿಲ್ಲುತ್ತಿತ್ತು, ಅದೇ ಗುರುತು. 1908ರಲ್ಲಿ ಆತನ ಕೋಷ್ಟಕಗಳು ಪ್ರಕಟವಾದವು. ದೇಹವನ್ನು 5 ಭಾಗ ಅಂತ ಊಹಿಸಿ, ಒಂದೊಂದೂ ಬೇರೆ ಬೇರೆ ವೇಗದಲ್ಲಿ ಸಾರಜನಕ ತುಂಬಿಕೊಳ್ಳುತ್ತೆ, ಬಿಡುತ್ತೆ ಅಂತ ಲೆಕ್ಕ ಮಾಡಿದ್ದ. ಈತನ ಮಗ ಜೆ. ಬಿ. ಎಸ್. ಹಾಲ್ಡೇನ್ ಮುಂದೆ ಭಾರತದ ಪೌರತ್ವ ಪಡೆದು 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ.

1983ರಲ್ಲಿ 'ಎಡ್ಜ್' ಎಂಬ ಡೈವ್ ಕಂಪ್ಯೂಟರ್ ಬಂತು. ಈಗ ಕೈಗಡಿಯಾರದಂತಿರುವ ಕಂಪ್ಯೂಟರ್‌ನ ಒಳಗೆ ಓಡುವುದು ಮೂಲದಲ್ಲಿ ಅದೇ ಹಾಲ್ಡೇನನ ಲೆಕ್ಕ. ಅನೇಕ ಮಾಡೆಲ್‌ಗಳಲ್ಲಿ 5ರ ಬದಲು 16 ಭಾಗ, ಅಷ್ಟೇ. ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವ ನನಗೆ ಇದು ರೋಮಾಂಚನ. ಕೆಲವು ಸಾಲಿನ ಲೂಪ್, ಅದರ ಹಿಂದೆ ಕುಂಟಿದ ಆಡುಗಳು.

ಹಾಗಾದರೆ 15,000ದಲ್ಲಿ ಏನು?

ಮೊದಲು ಮಾಸ್ಕ್. ಇದು ಯಂತ್ರವಲ್ಲ, ಮುಖದ ಅಳತೆಯ ವಸ್ತು. ಬಾಡಿಗೆಯದು ಸೋರಿದರೆ ಇಡೀ ಡೈವ್ ಹಾಳು. ಈಜುಗನ್ನಡಕ ಸಾಲದು, ಮೂಗು ಒಳಗಿರಲೇಬೇಕು. ಆಳಕ್ಕೆ ಹೋದಂತೆ ಒಳಗಿನ ಗಾಳಿ ಕುಗ್ಗಿ ಮಾಸ್ಕ್ ಮುಖ ಹಿಂಡುತ್ತೆ, ಆಗ ಮೂಗಿನಿಂದ ಸ್ವಲ್ಪ ಗಾಳಿ ಬಿಡಬೇಕು. ಅಂಗಡಿಯಲ್ಲಿ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರು ಎಳೆಯಿರಿ. ಕೈ ಬಿಟ್ಟರೂ ನಿಂತರೆ ಅದು ನಿಮ್ಮದು. ಬೆಲೆ ಹೆಚ್ಚಿದ್ದದ್ದೇ ಹೊಂದಬೇಕೆಂದಿಲ್ಲ. ನಮ್ಮ ಕಡೆಯ ಹುರಿಮೀಸೆಯವರಿಗೆ ಒಂದು ಮಾತು: ಮೀಸೆಯ ಸಂದಿಯಿಂದ ನೀರು ಬರುತ್ತೆ, ಮೀಸೆ ಬೇಕೋ ಮೀನು ಬೇಕೋ ನೀವೇ ನಿರ್ಧರಿಸಿ.

ಎರಡನೆಯದು ಫಿನ್ಸ್. 1933ರಲ್ಲಿ ಫ್ರಾನ್ಸಿನ ಲೂಯಿ ದ ಕೋರ್ಲಿಯೂ ಪೇಟೆಂಟ್ ಪಡೆದ ಈ ರಬ್ಬರ್ ಪಾದಗಳು ಇವತ್ತಿಗೂ ಹೆಚ್ಚು ಬದಲಾಗಿಲ್ಲ, ಹಾಗಾಗಿ ದುಬಾರಿ ಮಾಡೆಲ್‌ಗೆ ಮರುಳಾಗಬೇಕಿಲ್ಲ. ನಮ್ಮ ಬೆಚ್ಚನೆಯ ಸಮುದ್ರಕ್ಕೆ, ದೋಣಿಯಿಂದ ಇಳಿಯುವವರಿಗೆ ಇಡೀ ಪಾದ ತೂರಿಸುವ ಅಗ್ಗದ ಫಿನ್ಸ್ ಸಾಕು. ಬೇರೆ ಬೂಟಿನ ಖರ್ಚೂ ಇಲ್ಲ. ಜೊತೆಗೊಂದು ಸಾದಾ ಸ್ನಾರ್ಕೆಲ್, ತೋಳುದ್ದದ ಈಜಿನ ಅಂಗಿ. ನನ್ನ ಬಜೆಟ್ ಇಲ್ಲಿಗೆ ಮುಗಿಯಿತು.

ಮೂರನೆಯದು, ದುಡ್ಡು ಕೂಡಿದಾಗ, ಕಂಪ್ಯೂಟರ್. ನಿಮ್ಮ ದೇಹದೊಳಗಿನ ಸಾರಜನಕದ ಲೆಕ್ಕ ನಿಮ್ಮದೇ ಕೈಯಲ್ಲಿರಬೇಕು, ಗೆಳೆಯನ ಕೈಯಲ್ಲಿದ್ದರೆ ಆಗದು. ಬಣ್ಣದ ಪರದೆ ಬೇಕಿಲ್ಲ, ಬ್ಯಾಟರಿ ನೀವೇ ಬದಲಾಯಿಸುವಂಥ ಸರಳ ಮಾಡೆಲ್ ಸಾಕು.

ರೆಗ್ಯುಲೇಟರ್ ಮತ್ತು ಬಿಸಿಡಿ ಸದ್ಯಕ್ಕೆ ಬಾಡಿಗೆಯೇ ಲೇಸು. ಹತ್ತಾರು ಸಾವಿರ ಕೊಟ್ಟು ಕೊಂಡರೂ ಕೆಲಸ ಮುಗಿಯಲ್ಲ, ರೆಗ್ಯುಲೇಟರ್‌ಗೆ ನಿಯಮಿತವಾಗಿ ಸರ್ವೀಸ್ ಬೇಕು. ಮಳೆಗಾಲದಲ್ಲಿ ನೇತ್ರಾಣಿ ಬಂದ್. ವರ್ಷಕ್ಕೆ ನಾಲ್ಕೈದು ಡೈವ್ ಮಾಡುವವನಿಗೆ ಕಪಾಟಿನಲ್ಲಿ ಒಣಗುವ ರೆಗ್ಯುಲೇಟರ್ ನಷ್ಟವೇ. ಯಾರೋ ಅಗ್ಗಕ್ಕೆ ಕೊಡುವ, ಚರಿತ್ರೆ ಗೊತ್ತಿಲ್ಲದ ಹಳೇದನ್ನಂತೂ ಮುಟ್ಟಬೇಡಿ. ಮಾಸ್ಕ್ ಕೆಟ್ಟರೆ ಕಿರಿಕಿರಿ, ಇದು ಕೆಟ್ಟರೆ ಉಸಿರೇ ಇಲ್ಲ. ಸಿಲಿಂಡರ್ ಮತ್ತು ಸೀಸದ ಭಾರ ಕೊಳ್ಳುವ ಮಾತೇ ಬೇಡ, ಎಲ್ಲಾ ಡೈವ್ ಸೆಂಟರ್‌ಗಳಲ್ಲೂ ಸಿಗುತ್ತವೆ.

ಉಳಿದ ದುಡ್ಡಿದ್ದರೆ ತರಬೇತಿಗೆ ಹಾಕಿ. ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದರೆ 18 ಮೀಟರ್‌ವರೆಗೆ ಇಳಿಯಬಹುದು. ಕಂದೀಲು ಇಳಿಸಿ ನೋಡಿದ ಮೇಲೇ ಹಗ್ಗ ಹಿಡಿಯುತ್ತಿದ್ದ ನಮ್ಮ ಹಿರಿಯರ ಹತ್ತಿರ ಇದ್ದದ್ದೂ ಇಂಥದೇ ಕಲಿಕೆ. ಅದು ಇಲ್ಲದೆ ಎಷ್ಟು ದುಬಾರಿ ಕಿಟ್ ಇದ್ದರೂ ಉಪಯೋಗವಿಲ್ಲ.