ಭೀಮಾ ಸೀಮೆಯ ಸುಣ್ಣಕಲ್ಲು ಮತ್ತು ಯುರೇನಿಯಂ

ಮನೆಯಂಗಳಕ್ಕೆ ಹಾಸುವ ಶಹಾಬಾದ್ ಫರಸಿಗೂ ವಾಡಿ, ಸೇಡಂ, ಚಿತ್ತಾಪುರಗಳ ಸಿಮೆಂಟಿಗೂ ಮೂಲವಾದ ಭೀಮಾ ಸುಣ್ಣಕಲ್ಲಿನ ಪದರವು ದಕ್ಷಿಣದಲ್ಲಿ ಶಹಾಪುರ ತಾಲ್ಲೂಕಿನ ಗೋಗಿಯವರೆಗೂ ಚಾಚಿದ್ದು, ಅಲ್ಲಿ ಸ್ತರಭಂಗದ, ಅಂದರೆ ಶಿಲೆ ಸೀಳಿ ಜರುಗಿದ ರೇಖೆಯ, ಗುಂಟ ಸುಣ್ಣಕಲ್ಲಿನಲ್ಲೂ ಅದರಡಿಯ ಗ್ರಾನೈಟಿನಲ್ಲೂ ಯುರೇನಿಯಂ ಇರುವುದನ್ನು ಪರಮಾಣು ಖನಿಜ ನಿರ್ದೇಶನಾಲಯವು 1990ರ ದಶಕದಲ್ಲಿ ಪತ್ತೆಹಚ್ಚಿತು. ಗಣಿಗಾರಿಕೆಯ ಪ್ರಸ್ತಾಪವನ್ನು ಗ್ರಾಮಸ್ಥರು ಬಾವಿನೀರು, ಆರೋಗ್ಯ, ಜಮೀನುಗಳ ಕಾರಣಕ್ಕಾಗಿ ವಿರೋಧಿಸಿದ್ದು ನ್ಯಾಯವೇ ಆಗಿದ್ದರೂ, ಈ ಅದಿರು ಕೊನೆಗೆ ಬಾಂಬಿನ ದಾರಿ ಹಿಡಿಯದೆಂಬ ಖಾತರಿ ಏನು ಎಂಬ ಪ್ರಶ್ನೆಗೂ ಅಷ್ಟೇ ತೂಕವಿರಬೇಕು. ಏಕೆಂದರೆ ಭಾರತವು 2009ರಲ್ಲಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯೊಡನೆ ಸಹಿ ಮಾಡಿದ ರಕ್ಷಣೋಪಾಯ ಒಪ್ಪಂದವು, ಎಂದರೆ ಇಂಧನವು ಶಸ್ತ್ರಕ್ಕೆ ತಿರುಗದಂತೆ ಕಾಯುವ ತಪಾಸಣೆಯ ಕರಾರು, ಆಮದು ಯುರೇನಿಯಂ ಅನ್ನು ಒಳಗೊಳ್ಳುತ್ತದೆ. ಸ್ವದೇಶಿ ಅದಿರು ತಾನಾಗಿ ಅದರ ವ್ಯಾಪ್ತಿಗೆ ಬರುವುದಿಲ್ಲ, ಕರ್ನಾಟಕದ್ದೇ ಆದ ಕೈಗಾ ಸ್ಥಾವರದ ನಾಲ್ಕು ಘಟಕಗಳೂ ಆ ತಪಾಸಣೆಯ ಹೊರಗಿವೆ.